ಹೊಟ್ಟೆಯ ಸ್ಕ್ಯಾನಿಂಗ್‌ನಲ್ಲಿ ಕೊಬ್ಬನ್ನು ಗಮನಿಸುವುದು

ಹೊಟ್ಟೆನೋವೆಂದು ಬಂದವರನ್ನು ಅಲ್ಟ್ರಾಸೌಂಡ್ ಸ್ಕ್ಯಾನ್ ಮಾಡುವಾಗ ಯಕೃತ್ತು, ಪಿತ್ತಕೋಶ, ಮೂತ್ರಪಿಂಡ ಎಂದು ಅಂಗಗಳನ್ನು ಒಂದೊಂದಾಗಿ ನೋಡಿ ಮುಗಿಸುವುದು ರೇಡಿಯಾಲಜಿ ವಿಭಾಗಗಳ ರೂಢಿ. ನಡುವೆ ತುಂಬಿರುವ ಕೊಬ್ಬನ್ನು ಚಿತ್ರ ಮಸುಕಾಗಿಸುವ ಅಡ್ಡಿಯೆಂದು ಪಕ್ಕಕ್ಕಿಡುತ್ತೇವೆ. ಆದರೆ ತೀವ್ರ ನೋವಿರುವಲ್ಲಿ ನಾನು ಈಗ ಮೊದಲು ಹುಡುಕುವುದು ಆ ಕೊಬ್ಬನ್ನೇ.

ನೋವು ಎಲ್ಲಿ ಹೆಚ್ಚೆಂದು ಒಂದೇ ಬೆರಳಿನಿಂದ ತೋರಿಸಲು ರೋಗಿಗೆ ಹೇಳಿ, ಅದೇ ಜಾಗದ ಮೇಲೆ ಲೀನಿಯರ್ ಪ್ರೋಬ್ (ಚಪ್ಪಟೆ ತುದಿಯ ಸ್ಕ್ಯಾನ್ ಸಾಧನ) ಇಟ್ಟು ನಿಧಾನವಾಗಿ ಒತ್ತುತ್ತೇನೆ. ಅಪೆಂಡಿಸೈಟಿಸ್ ಪತ್ತೆಗೆಂದು ನೆದರ್ಲೆಂಡ್ಸ್‌ನ ರೇಡಿಯಾಲಜಿಸ್ಟ್ ಪೈಲಾರ್ಟ್ 1986ರಲ್ಲಿ ವಿವರಿಸಿದ ಹಂತಹಂತದ ಒತ್ತುವಿಕೆಯ ವಿಧಾನ ಇಲ್ಲಿಯೂ ಉಪಯೋಗಕ್ಕೆ ಬರುತ್ತದೆ. ಆರೋಗ್ಯವಂತ ಕೊಬ್ಬು ಒತ್ತಿದರೆ ತಗ್ಗಿ ಸರಿದುಹೋಗುತ್ತದೆ. ಉರಿಯೂತವಾದ ಕೊಬ್ಬು ಸುತ್ತಲಿನದಕ್ಕಿಂತ ಬೆಳ್ಳಗೆ, ಒದ್ದೆ ಹತ್ತಿಯ ಉಂಡೆಯಂತೆ ಬಿಗಿಯಾಗಿ ನಿಂತಿರುತ್ತದೆ, ಮತ್ತು ಒತ್ತಿದೊಡನೆ ರೋಗಿ ಮುಖ ಕಿವಿಚುತ್ತಾರೆ. ಅನುಮಾನವಿದ್ದರೆ ಎದುರು ಬದಿಯ ಅದೇ ಜಾಗವನ್ನು ನೋಡಿ ಹೋಲಿಸುತ್ತೇನೆ.

ಡೈವರ್ಟಿಕುಲೈಟಿಸ್ (ದೊಡ್ಡ ಕರುಳಿನ ಗೋಡೆಯಲ್ಲಿ ಉಬ್ಬಿದ ಸಣ್ಣ ಚೀಲಗಳ ಉರಿಯೂತ) ಶಂಕೆಯಿಂದ ಕಳುಹಿಸಲ್ಪಟ್ಟ ನಡುವಯಸ್ಸಿನವರೊಬ್ಬರಿಗೆ ಎಡ ಕೆಳಹೊಟ್ಟೆಯಲ್ಲಿ ನೋವಿತ್ತು. ಜ್ವರವಿರಲಿಲ್ಲ, ಬಿಳಿ ರಕ್ತಕಣಗಳ ಎಣಿಕೆಯೂ ಸಹಜವಾಗಿತ್ತು. ಕರುಳಿನ ಗೋಡೆ ದಪ್ಪಗಾಗಿರಲಿಲ್ಲ. ಅದರ ಪಕ್ಕದಲ್ಲಿ, ಹೊಟ್ಟೆಯ ಮುಂಭಾಗದ ಗೋಡೆಗೆ ತಾಗಿದಂತೆ, ಕಪ್ಪು ಅಂಚಿನ ಬಿಳಿ ಅಂಡಾಕಾರದ ಗಡ್ಡೆಯೊಂದು ಕಂಡಿತು. ಅದು ಒತ್ತಿದರೂ ಕುಗ್ಗಲಿಲ್ಲ. ಕಲರ್ ಡಾಪ್ಲರ್‌ನಲ್ಲಿ ಒಳಗೆ ರಕ್ತಸಂಚಾರ ಕಾಣಲಿಲ್ಲ. ದೊಡ್ಡ ಕರುಳಿನ ಹೊರಮೈಯಲ್ಲಿ ಜೋತಾಡುವ ಸುಮಾರು 50ರಿಂದ 100 ಕೊಬ್ಬಿನ ಕುಚ್ಚುಗಳಲ್ಲಿ ಒಂದು ತಿರುಚಿಕೊಂಡು, ಅಥವಾ ಅದರ ಅಭಿಧಮನಿಯಲ್ಲಿ ರಕ್ತ ಹೆಪ್ಪುಗಟ್ಟಿ, ಉಂಟಾಗುವ ಎಪಿಪ್ಲಾಯಿಕ್ ಅಪೆಂಡೇಜೈಟಿಸ್‌ನ ಚಿತ್ರವಿದು. ಸಾಮಾನ್ಯವಾಗಿ ನೋವುನಿವಾರಕಗಳಲ್ಲೇ ಒಂದೆರಡು ವಾರಗಳೊಳಗೆ ತಾನಾಗಿ ಶಮನವಾಗುವ ಈ ತೊಂದರೆಯನ್ನು ಗುರುತಿಸದಿದ್ದರೆ ಅನಗತ್ಯ ಆಂಟಿಬಯಾಟಿಕ್, ಕೆಲವೊಮ್ಮೆ ಅನಗತ್ಯ ಶಸ್ತ್ರಚಿಕಿತ್ಸೆಯೇ ರೋಗಿಯ ಪಾಲಿಗೆ ಬರುತ್ತದೆ.

ಬೆಳ್ಳಗಾದ ಕೊಬ್ಬೆಲ್ಲ ಹೀಗೆ ನಿರುಪದ್ರವಿಯೆಂದು ಭಾವಿಸಬಾರದು. ಹೆಚ್ಚಿನ ಸಲ ಅದು ಪಕ್ಕದ ಅಂಗದ ಕಾಯಿಲೆಗೆ ದೇಹ ತೋರುವ ಪ್ರತಿಕ್ರಿಯೆ. ಬಲ ಕೆಳಹೊಟ್ಟೆಯಲ್ಲಿ ಅಂತಹ ಕೊಬ್ಬು ಕಂಡರೆ ಊದಿಕೊಂಡ ಅಪೆಂಡಿಕ್ಸ್ ಸಿಗುವವರೆಗೆ, ಇಲ್ಲವೇ ಸಹಜವಾದ ಅಪೆಂಡಿಕ್ಸ್ ಪೂರ್ತಿಯಾಗಿ ಕಾಣುವವರೆಗೆ ಪ್ರೋಬ್ ಎತ್ತುವುದು ಸರಿಯಲ್ಲ. ಬಲಬದಿಯಲ್ಲೇ ಹೆಚ್ಚಾಗಿ ಕಾಣಿಸುವ ಒಮೆಂಟಮ್‌ನ (ಕರುಳಿನ ಮುಂದೆ ಇಳಿಬಿದ್ದ ಕೊಬ್ಬಿನ ಪೊರೆಯ) ಇನ್‌ಫಾರ್ಕ್ಷನ್‌ನಲ್ಲಿ, ಎಂದರೆ ರಕ್ತ ಸಿಗದೆ ಅದರ ಒಂದು ಭಾಗ ಸತ್ತಾಗ, ಬಿಳಿ ಭಾಗ ಸಾಮಾನ್ಯವಾಗಿ 5 ಸೆಂ.ಮೀ.ಗಿಂತ ದೊಡ್ಡದು, ಅದಕ್ಕೆ ಆ ಸ್ಪಷ್ಟ ಕಪ್ಪು ಅಂಚೂ ಇರುವುದಿಲ್ಲ. ಹೊಟ್ಟೆ ದಪ್ಪಗಿರುವವರಲ್ಲಿ, ಅಥವಾ ಆಳದಲ್ಲಿರುವ ಮೆಸೆಂಟರಿಯ (ಕರುಳನ್ನು ಹೊಟ್ಟೆಯ ಹಿಂಗೋಡೆಗೆ ಹಿಡಿದಿಡುವ ಪೊರೆಯ) ಕೊಬ್ಬಿನ ವಿಷಯದಲ್ಲಿ, ಹಟ ಹಿಡಿಯದೆ ಸಿ.ಟಿ. ಮಾಡಿಸುವುದೇ ಲೇಸು.

ವರದಿಯಲ್ಲಿ ಈಗ ಬರೀ ‘ಅಂಗಗಳು ಸಹಜ’ ಎಂದು ಬರೆದು ನಿಲ್ಲಿಸುವುದಿಲ್ಲ. ಒತ್ತಿದಾಗ ನೋವಿದ್ದ ಜಾಗ, ಗಡ್ಡೆಯ ಅಳತೆ, ಅಪೆಂಡಿಕ್ಸ್ ಕಂಡಿತೇ ಇಲ್ಲವೇ ಎಂಬುದನ್ನು ನಮೂದಿಸಿ, ಜ್ವರ ಬಂದರೆ ಅಥವಾ ನೋವು ಹೆಚ್ಚಿದರೆ ಮರುಪರೀಕ್ಷೆ ಬೇಕೆಂದು ಸೇರಿಸುತ್ತೇನೆ. ಮುಂದಿನ ತೀರ್ಮಾನ ಕೈಗೊಳ್ಳುವ ಶಸ್ತ್ರವೈದ್ಯರು ಕೇಳುವುದೂ ಇವನ್ನೇ.