ಡಾರ್ಕ್ ಬ್ರೌನ್ ಕೇಳಿದವರಿಗೆ ನಾನು ಮೊದಲು ಕೇಳುವ ಪ್ರಶ್ನೆ

ಹಾಸನದಲ್ಲಿ ಪಾರ್ಲರ್ ನಡೆಸುವವರಿಗೆ ವರ್ಷಕ್ಕೆ ಎರಡು ಸುಗ್ಗಿ. ಒಂದು ಮದುವೆ ತಿಂಗಳುಗಳು, ಇನ್ನೊಂದು ಹಾಸನಾಂಬೆ ಬಾಗಿಲು ತೆಗೆಯುವ ಕಾಲ. ಆಶ್ವಯುಜದ ಹುಣ್ಣಿಮೆ ಕಳೆದ ಮೊದಲ ಗುರುವಾರ ಗುಡಿ ತೆರೆದರೆ, ಬಲಿಪಾಡ್ಯಮಿಯ ಮಾರನೇ ದಿನ ಮುಚ್ಚುವವರೆಗೆ ಊರಿನ ಯಾವ ಮನೆಯಲ್ಲೂ ಚಾಪೆ ಮಡಚುವ ಹಾಗಿಲ್ಲ, ಅಷ್ಟು ನೆಂಟರು. ಬೆಂಗಳೂರು, ಮೈಸೂರು ಸೇರಿದ ಹೆಣ್ಣುಮಕ್ಕಳು ತವರಿಗೆ ಬರುತ್ತಾರೆ. ಅವರು ಬರುವ ಮುಂಚೆ ಇಲ್ಲಿನ ಅಮ್ಮಂದಿರು, ಅತ್ತಿಗೆಯರು, ಚಿಕ್ಕಮ್ಮಂದಿರು ಸಾಲಗಾಮೆ ರಸ್ತೆಯ ನನ್ನ ಪಾರ್ಲರ್ ಕುರ್ಚಿಯಲ್ಲಿ ಬಂದು ಕೂರುತ್ತಾರೆ. ಜೂನ್‌ನಿಂದ ಮೋಡದ ಬೆಳಕಲ್ಲೇ ಕನ್ನಡಿ ನೋಡಿಕೊಂಡವರು. ಹಸ್ತ ಮಳೆ ಮುಗಿದು ಚಿತ್ತೆ ಹೊತ್ತಿಗೆ ಒಂದೆರಡು ದಿನ ಬಿಸಿಲು ಬಿತ್ತು ಅಂದರೆ ಸಾಕು, ಬೈತಲೆಯ ಬಿಳಿ ಕಣ್ಣಿಗೆ ಬೀಳುತ್ತೆ.

ಎಲ್ಲರದೂ ಹೆಚ್ಚುಕಮ್ಮಿ ಒಂದೇ ಮಾತು. "ಕಪ್ಪು ಬೇಡ ಕಣಮ್ಮ, ಬಣ್ಣ ಹಚ್ಚಿದ್ದು ಗೊತ್ತಾಗ್ಬಿಡುತ್ತೆ. ಕೆಂಪಂತೂ ಬೇಡ್ವೇ ಬೇಡ. ಡಾರ್ಕ್ ಬ್ರೌನ್ ಹಾಕು."

ಹದಿನಾಲ್ಕು ವರ್ಷದಿಂದ ಈ ಮಾತು ಕೇಳುತ್ತಿದ್ದೇನೆ. ಅದಕ್ಕೆ ಸರಿಯಾಗಿ ಏನು ಕೇಳಬೇಕು ಅನ್ನೋದು ನನಗೆ ತಿಳಿದದ್ದು 2024ರಲ್ಲಿ, ಅದೂ ಒಬ್ಬರ ತಲೆ ಕೆಡಿಸಿದ ಮೇಲೆ.

ಆ ವರ್ಷ ಅಕ್ಟೋಬರ್ 24ಕ್ಕೆ ಬಾಗಿಲು ತೆಗೆದಿದ್ದರು. ಅದರ ಹಿಂದಿನ ದಿನ ಸಂಜೆ ಒಬ್ಬ ಹೈಸ್ಕೂಲ್ ಟೀಚರ್ ಬಂದರು. ಹಳೇ ಪರಿಚಯ, ಆದರೆ ಹುಬ್ಬಿಗೆ, ಫೇಶಿಯಲ್‌ಗೆ ಬರುತ್ತಿದ್ದರೇ ಹೊರತು ತಲೆಗೆ ಮನೆಯಲ್ಲೇ ಏನೋ ಹಚ್ಚಿಕೊಳ್ಳುತ್ತಿದ್ದರು. ಸೊಂಟದವರೆಗೆ ಜಡೆ. ಬೈತಲೆಯಲ್ಲಿ ಎರಡು ಬೆರಳಗಲ ಬಿಳಿ, ಅದರ ಕೆಳಗೆ ಕಾಗೆಯಂಥ ಕಪ್ಪು. "ಮೆಹಂದಿ ಹಾಕ್ತೀರಾ ಟೀಚರ್?" ಅಂತ ಕೇಳಿದೆ. "ಇಲ್ಲಮ್ಮ, ಮೆಹಂದಿ ಹಾಕಿದ್ರೆ ನಂಗೆ ಶೀತ ಆಗುತ್ತೆ" ಅಂದರು. "ಡೈ?" ಅಂದೆ. "ಡೈ ಎಲ್ಲ ನಂಗಾಗಲ್ಲ, ನ್ಯಾಚುರಲ್‌ದೇ ಹಚ್ಚೋದು" ಅಂದರು. ನಾನು ಅಲ್ಲಿಗೇ ಬಿಟ್ಟೆ. ಹೊರಗೆ ಇನ್ನೂ ಮೂರು ಜನ ಕೂತಿದ್ದರು.

ಶೇಡ್ ಕಾರ್ಡ್ ಕೊಟ್ಟಾಗ ಅವರು ಬೆರಳಿಟ್ಟದ್ದು 4.5ರ ಮೇಲೆ.

ಈ ಅಂಕಿಗಳನ್ನು ಬಿಡಿಸಿ ಹೇಳಬೇಕು, ಯಾಕೆಂದರೆ ಮನೆಯಲ್ಲಿ ಹಚ್ಚಿಕೊಳ್ಳುವವರೂ ಡಬ್ಬಿಯ ಮೇಲಿನ ಹುಡುಗಿಯ ಫೋಟೋ ನೋಡುತ್ತಾರೆಯೇ ಹೊರತು ಅಂಕಿ ನೋಡಲ್ಲ. ಚುಕ್ಕಿಗೆ ಮುಂಚಿನ ಅಂಕಿ ಬಣ್ಣ ಎಷ್ಟು ಗಾಢ ಅಂತ ಹೇಳುತ್ತೆ. 1 ಅಚ್ಚ ಕಪ್ಪು, 10 ತೀರಾ ತಿಳಿ. ಹೆಚ್ಚಿನ ಕಂಪನಿಗಳ ಕಾರ್ಡಿನಲ್ಲಿ 3 ಡಾರ್ಕ್ ಬ್ರೌನ್, 4 ಬ್ರೌನ್, 5 ಲೈಟ್ ಬ್ರೌನ್. ನಮ್ಮ ಕಡೆಯವರಿಗೆ ನಾನು ಕಾಫಿ ಲೆಕ್ಕದಲ್ಲಿ ಹೇಳುತ್ತೇನೆ: ಮೂರು ಅಂದರೆ ಕಪ್ಪಗಾಗುವಷ್ಟು ಹುರಿದ ಬೀಜ, ನಾಲ್ಕು ಹದವಾಗಿ ಹುರಿದದ್ದು, ಐದು ಅಂದರೆ ಒಲೆಯಿಂದ ಬೇಗ ಇಳಿಸಿದ್ದು. ಸಕಲೇಶಪುರ, ಆಲೂರು ಕಡೆಯವರಿಗೆ ಇದಕ್ಕಿಂತ ಹೆಚ್ಚು ವಿವರಿಸಬೇಕಾಗಿಲ್ಲ. ಚುಕ್ಕಿಯ ನಂತರದ ಅಂಕಿ ಆ ಕಂದು ಯಾವ ಕಡೆಗೆ ವಾಲುತ್ತೆ ಅಂತ ತೋರಿಸುತ್ತೆ. ನಾನು ಬಳಸುವ ಕಾರ್ಡಿನಲ್ಲಿ .1 ಬೂದಿ, .3 ಹೊನ್ನು, .4 ತಾಮ್ರ, .5 ಮಹೋಗನಿ, ಅಂದರೆ ಒಳಗೆ ನೇರಳೆಗೆಂಪು. ಬೇರೆ ಕಂಪನಿಯಲ್ಲಿ ಇದೇ ಅಂಕಿಗೆ ಬೇರೆ ಅರ್ಥ ಇರಬಹುದು, ಹಾಗಾಗಿ ಟ್ಯೂಬ್ ಬದಲಾಯಿಸಿದಾಗ ಕಾರ್ಡನ್ನೂ ಹೊಸದಾಗಿ ಓದಬೇಕು.

ಟೀಚರಿಗೆ 4.5 ಅನ್ನು 20 ವಾಲ್ಯೂಮ್ ಡೆವಲಪರ್, ಅಂದರೆ 6% ಪೆರಾಕ್ಸೈಡ್ ಜೊತೆ ಕಲಸಿ ಬುಡದಿಂದ ತುದಿವರೆಗೆ ಹಚ್ಚಿದೆ. 35 ನಿಮಿಷ ಬಿಟ್ಟು ತೊಳೆದೆ. ಒಣಗಿಸಿ ಟ್ಯೂಬ್‌ಲೈಟ್ ಕೆಳಗೆ ನೋಡಿದರೆ ಚೆನ್ನಾಗೇ ಇತ್ತು. ಅವರಿಗೂ ಖುಷಿ, ನನಗೂ ಖುಷಿ.

ಮಾರನೇ ದಿನ ಬೆಳಿಗ್ಗೆ ಶಟರ್ ಎತ್ತುವಾಗಲೇ ಸೆರಗು ಹೊದ್ದು ನಿಂತಿದ್ದರು. "ಏನಮ್ಮ ಇದು, ಬೈತಲೆ ತುಂಬ ಕುಂಕುಮ ಚೆಲ್ಲಿದ ಹಾಗಿದೆ" ಅಂದು ಸೆರಗು ಸರಿಸಿದರು. ಬಿಸಿಲಲ್ಲಿ ನೋಡಿದೆ. ಬಿಳಿ ಇದ್ದ ಎರಡು ಬೆರಳಗಲ ಜಾಗ ಕೆಂಪಗೆ ಹೊಳೆಯುತ್ತಿತ್ತು. ಅದರ ಕೆಳಗಿನ ಜಡೆ ನಿನ್ನೆ ಹೇಗಿತ್ತೋ ಹಾಗೇ ಕಪ್ಪು. ಒಂದೇ ತಲೆಯಲ್ಲಿ ಇಬ್ಬರ ಕೂದಲು. ಮಧ್ಯಾಹ್ನ ಅವರ ಅಕ್ಕತಂಗಿಯರೆಲ್ಲ ಬರುವವರಿದ್ದರು. ಅವರು ಜೋರು ಮಾಡಲಿಲ್ಲ. ಜೋರು ಮಾಡಿದ್ದರೆ ನನಗೆ ಇನ್ನಷ್ಟು ಹಗುರವಾಗುತ್ತಿತ್ತೇನೋ.

ಒಳಗೆ ಕೂರಿಸಿ, ಕಾಫಿ ಕೊಟ್ಟು, "ಟೀಚರ್, ನೀವು ಹಚ್ಚೋ ನ್ಯಾಚುರಲ್ ಪ್ಯಾಕೆಟ್ ಮನೇಲಿ ಇದೆಯಾ? ಯಾರ ಕೈಯಲ್ಲಾದ್ರೂ ಫೋಟೋ ತರಿಸ್ತೀರಾ?" ಅಂದೆ. ಮಗನಿಂದ ಬಂತು. ಮುಂದೆ ಎಲೆ, ಹೂವು, ಗಿಡಮೂಲಿಕೆ ಚಿತ್ರ. ಹಿಂದೆ ಸಣ್ಣ ಅಕ್ಷರದಲ್ಲಿ ಪಿಪಿಡಿ, ಡೈಗಳಲ್ಲಿ ಗಾಢ ಬಣ್ಣ ಕೊಡುವ ರಾಸಾಯನಿಕ. ಅಂದರೆ ಅದೂ ಡೈಯೇ, ಮೆಹಂದಿ ಪುಡಿಯ ಜೊತೆ ಬೆರೆಸಿದ್ದು. ಅಂಗಡಿಯಲ್ಲಿ ಕಪ್ಪು ಮೆಹಂದಿ ಅಂತ ಕೊಡುವ ಪ್ಯಾಕೆಟ್‌ಗಳಲ್ಲಿ ಬಹಳಷ್ಟು ಹೀಗೇ. ಮೆಹಂದಿ ಸೊಪ್ಪಿನಿಂದ ಕಪ್ಪು ಬರಲು ಸಾಧ್ಯವೇ ಇಲ್ಲ. ಅದರಲ್ಲಿರುವ ಲಾಸೋನ್ ಅನ್ನೋ ಬಣ್ಣದ ಅಂಶ ಕೂದಲಿನ ಕೆರಾಟಿನ್ ಪ್ರೋಟೀನ್‌ಗೆ ಅಂಟಿ ಕೊಡುವುದು ಕಿತ್ತಳೆಗೆಂಪು ಮಾತ್ರ. ನೀಲಿ ಸೊಪ್ಪಿನ ಪುಡಿ ಸೇರಿಸಿದರೆ ಕಂದು, ಮೆಹಂದಿಯ ಮೇಲೆ ಮತ್ತೆ ನೀಲಿ ಹಚ್ಚಿದರೆ ಕಪ್ಪು. ಅರ್ಧ ಗಂಟೆಯಲ್ಲಿ ಇದ್ದಿಲಿನಂಥ ಕಪ್ಪು ಬಂತು ಅಂದರೆ ಒಳಗೆ ಬೇರೇನೋ ಇದೆ ಅಂತಲೇ ತಿಳಿಯಬೇಕು.

ಟೀಚರ್ ಆರು ವರ್ಷ ತಿಂಗಳಿಗೊಮ್ಮೆ ಅದನ್ನೇ ಬುಡದಿಂದ ತುದಿವರೆಗೆ ಹಚ್ಚಿದ್ದರು. ಅಷ್ಟು ಪದರ ಡೈ ಕುಡಿದ ಕೂದಲಿನ ಮೇಲೆ ನಾನು ಯಾವ ಬ್ರೌನ್ ಹಚ್ಚಿದರೂ ಕಾಣಲ್ಲ. ಟ್ಯೂಬಿನ ಬಣ್ಣಕ್ಕೆ ಇನ್ನೊಂದು ಬಣ್ಣವನ್ನು ತಿಳಿಗೊಳಿಸುವ ಶಕ್ತಿ ಇಲ್ಲ. ಇದು ತರಬೇತಿಯ ಮೊದಲ ವಾರದ ಪಾಠ. ಬುಡದ ಕಥೆ ಬೇರೆ. ಬಿಳಿಗೂದಲಲ್ಲಿ ತನ್ನದೇ ಬಣ್ಣ ಏನೂ ಇರಲ್ಲ, ಹಾಗಾಗಿ ಮಹೋಗನಿಯ ಕೆಂಪು ಅಲ್ಲಿ ಬರೀ ಕೆಂಪಾಗಿಯೇ ಕೂತಿತು. ನೆತ್ತಿಯ ಶಾಖಕ್ಕೆ ಬುಡದಲ್ಲಿ ಬಣ್ಣ ಬೇಗ ಕೆಲಸ ಮಾಡುತ್ತೆ, ಅದೂ ಸೇರಿಕೊಂಡಿತು. ಬಿಳಿ ಅರ್ಧಕ್ಕಿಂತ ಹೆಚ್ಚಿದ್ದರೆ ಯಾವ ಫ್ಯಾಷನ್ ಶೇಡನ್ನೂ, ಅಂದರೆ 4.5ರ ಹಾಗೆ ಚುಕ್ಕಿಯ ನಂತರ ಅಂಕಿ ಇರುವುದನ್ನು, ಒಂಟಿಯಾಗಿ ಹಚ್ಚಬಾರದು, ಅರ್ಧದಷ್ಟು ಚುಕ್ಕಿಯಿಲ್ಲದ ಅದೇ ಅಂಕಿಯ ಬಣ್ಣ ಬೆರೆಸಬೇಕು. ಅದು ನನಗೆ ಗೊತ್ತಿತ್ತು. ಹೊರಗೆ ಕೂತ ಮೂವರ ಕಡೆ ಗಮನ ಇಟ್ಟು ಮರೆತೆ.

ಸರಿ ಮಾಡಿದ್ದು ಹೀಗೆ. ಬುಡಕ್ಕೆ ಮಾತ್ರ, ಚುಕ್ಕಿಯಿಲ್ಲದ 3ಕ್ಕೆ ಒಂಚೂರು ಬೂದಿ ಶೇಡ್ ಸೇರಿಸಿ, 10 ವಾಲ್ಯೂಮ್‌ನಲ್ಲಿ ಕಲಸಿ ಹಚ್ಚಿದೆ. ಬೂದಿ ಕೆಂಪನ್ನು ತಗ್ಗಿಸುತ್ತೆ, ಆದರೆ ಕೈ ಜಾಸ್ತಿಯಾದರೆ ಬಿಳಿಗೂದಲು ಪಾಚಿಬಣ್ಣಕ್ಕೆ ತಿರುಗುತ್ತೆ, ಅದಕ್ಕೇ ಒಂಚೂರು. ಐದೈದು ನಿಮಿಷಕ್ಕೆ ಒಂದೆಳೆ ಒರೆಸಿ, ಬಾಗಿಲ ಹತ್ತಿರ ಕರೆದುಕೊಂಡು ಹೋಗಿ ಬಿಸಿಲಲ್ಲಿ ನೋಡಿದೆ. ಇಪ್ಪತ್ತು ನಿಮಿಷಕ್ಕೆ ಹೊಂದಿತು. ದುಡ್ಡು ತೆಗೆದುಕೊಳ್ಳಲಿಲ್ಲ. ಜಡೆಯ ಕಪ್ಪನ್ನು ಬ್ಲೀಚ್ ಮಾಡಿ ತೆಗೆಯೋಣವಾ ಅಂತ ಅವರೇ ಕೇಳಿದರು, ನಾನು ಬೇಡ ಅಂದೆ. ಅಷ್ಟುದ್ದದ, ಅಷ್ಟು ವರ್ಷದ ಡೈ ತೆಗೆಯಲು ಹೋದರೆ ಬಣ್ಣದ ಜೊತೆ ಕೂದಲೂ ಕೈಗೆ ಬರುತ್ತೆ. ಬುಡ ಬೆಳೆದಂತೆ ಬ್ರೌನ್ ಕೆಳಗಿಳಿಯಲಿ, ತುದಿ ಆಗಾಗ ಕತ್ತರಿಸೋಣ ಅಂತ ಒಪ್ಪಿಸಿದೆ. ಕೂದಲು ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರ್ ಬೆಳೆಯುತ್ತೆ. ತಾಳ್ಮೆ ಬೇಕು.

ಅಂದಿನಿಂದ "ಮೆಹಂದಿ ಹಾಕ್ತೀರಾ, ಡೈ ಹಾಕ್ತೀರಾ" ಅಂತ ಕೇಳುವುದನ್ನೇ ಬಿಟ್ಟೆ. ಆ ಎರಡು ಪದಕ್ಕೂ ಮನೆಮನೆಯಲ್ಲಿ ಬೇರೆ ಬೇರೆ ಅರ್ಥ. ಈಗ ಕೇಳುವುದು ಒಂದೇ: "ಯಾವ ಪ್ಯಾಕೆಟ್?" ಹೆಸರು ಯಾರಿಗೂ ನೆನಪಿರಲ್ಲ, ಬಣ್ಣ ನೆನಪಿರುತ್ತೆ. "ಹಸಿರು ಪ್ಯಾಕೆಟ್ ಕಣೇ, ಮೇಲೆ ನವಿಲಿದೆ ನೋಡು" ಅಂತಾರೆ. ಹಾಗಾಗಿ ನಮ್ಮೂರಿನ ಅಂಗಡಿಗಳಲ್ಲಿ ಸಿಗುವ ಪುಡಿ, ಶಾಂಪೂ ಡೈ, ಕ್ರೀಮ್ ಎಲ್ಲದರ ಖಾಲಿ ಪ್ಯಾಕೆಟ್ ಕೂಡಿಟ್ಟು ಒಂದು ಬಿಸ್ಕತ್ ಡಬ್ಬಿಯಲ್ಲಿ ಹಾಕಿದ್ದೇನೆ. ಮುಂದೆ ಹರಡಿದರೆ ತಕ್ಷಣ ಬೆರಳಿಡುತ್ತಾರೆ. ಹಚ್ಚಿದರೆ ಐದು ನಿಮಿಷದಲ್ಲಿ ಕಪ್ಪಾಗುವ ಶಾಂಪೂವನ್ನು ಡೈ ಅಂತ ಒಪ್ಪುವವರು ಬಹಳ ಕಡಿಮೆ, ಡಬ್ಬಿ ನೋಡಿದ ಮೇಲೆ ಮಾತ್ರ "ಓ, ಇದಾ, ಇದು ಹಚ್ತೀನಲ್ಲ" ಅನ್ನುತ್ತಾರೆ.

ಪ್ಯಾಕೆಟ್ ಮೇಲೆ ಏನೂ ಬರೆದಿಲ್ಲದ, ಸಂತೆಯಲ್ಲಿ ತೂಕಕ್ಕೆ ಕೊಂಡ ಪುಡಿ ಆದರೆ ನಾನು ಆ ದಿನ ಬಣ್ಣ ಹಚ್ಚುವುದೇ ಇಲ್ಲ. ಕೆಲವು ಪುಡಿಗಳಲ್ಲಿ ಲೋಹದ ಲವಣ ಇರುತ್ತೆ, ಅದು ಪೆರಾಕ್ಸೈಡ್ ಜೊತೆ ಸೇರಿದರೆ ಬಿಸಿಯೇಳುತ್ತೆ, ಕೂದಲು ತುಂಡಾಗುತ್ತೆ. ಬಾಚಣಿಗೆಯಲ್ಲಿ ಉದುರಿದ ನಾಲ್ಕೆಳೆ ತೆಗೆದು ಗಾಜಿನ ಲೋಟದಲ್ಲಿ ಡೆವಲಪರ್ ಹಾಕಿ ಅರ್ಧ ಗಂಟೆ ನೆನೆಸುತ್ತೇನೆ. ನೊರೆ, ಶಾಖ, ಬಣ್ಣ ಬದಲಾವಣೆ ಏನಾದರೂ ಕಂಡರೆ "ಅಕ್ಕ, ಇದು ಬೆಳೆದು ಹೋಗೋವರೆಗೂ ನಾನು ಮುಟ್ಟಲ್ಲ" ಅಂತೀನಿ.

ಪ್ಯಾಚ್ ಟೆಸ್ಟ್ ವಿಷಯದಲ್ಲೂ ನಾನು ಈಗ ಬಗ್ಗಲ್ಲ. ಬಣ್ಣಕ್ಕೆ 48 ಗಂಟೆ ಮುಂಚೆ ಕಿವಿಯ ಹಿಂದೆ ಒಂದು ಚುಕ್ಕೆ ಹಚ್ಚಿ ಕಳಿಸಬೇಕು. "ಹತ್ತು ವರ್ಷದಿಂದ ಹಚ್ತಿದೀನಿ, ಏನೂ ಆಗಿಲ್ಲ" ಅನ್ನುತ್ತಾರೆ. ಪಿಪಿಡಿ ಅಲರ್ಜಿ ಬರುವುದೇ ಹಾಗೆ, ವರ್ಷಗಟ್ಟಲೆ ಸುಮ್ಮನಿದ್ದು ಒಂದು ದಿನ ಏಳುತ್ತೆ. ಬೇಲೂರು ಕಡೆಯ ಒಬ್ಬ ಅಕ್ಕನಿಗೆ ಚುಕ್ಕೆ ಹಚ್ಚಿದ ಎರಡನೇ ದಿನ ಕಿವಿ ಹಿಂದೆ ಕೆಂಪಗೆ ಊದಿ ನೀರಾಡಿತು. ಹಬ್ಬದ ಅವಸರ ಅಂತ ಅದನ್ನೇ ಇಡೀ ತಲೆಗೆ ಹಚ್ಚಿದ್ದರೆ ಅಂತ ಈಗಲೂ ನೆನೆದರೆ ಮೈ ಜುಂ ಅನ್ನುತ್ತೆ. ಚರ್ಮದ ಡಾಕ್ಟರ ಹತ್ತಿರ ಕಳಿಸಿದೆ. ಅವರೀಗ ಬಿಳಿಗೂದಲು ಹಾಗೇ ಬಿಟ್ಟಿದ್ದಾರೆ, ಅವರಿಗೆ ಒಪ್ಪುತ್ತೆ ಕೂಡ.

ಇನ್ನು ಹಚ್ಚಿದ ಬಣ್ಣ ಉಳಿಸಿಕೊಳ್ಳುವ ಮಾತು. ಈ ಕಾಲದಲ್ಲಿ ನಮ್ಮ ಕಡೆ ಬಣ್ಣಕ್ಕೆ ದೊಡ್ಡ ಪರೀಕ್ಷೆ ನರಕ ಚತುರ್ದಶಿ. ಹಿಂದಿನ ದಿನ ನೀರು ತುಂಬುವ ಹಬ್ಬ, ಬೆಳಗಿನ ಜಾವ ಎದ್ದು ತಲೆಗೆ ಎಣ್ಣೆ ಒತ್ತಿ, ಹಂಡೆಯ ಸುಡುನೀರು, ಸೀಗೆಪುಡಿ. ಎರಡು ದಿನದ ಹಿಂದೆ ಹಚ್ಚಿದ ಬ್ರೌನ್ ಮೇಲೆ ಇದೆಲ್ಲ ಬಿದ್ದರೆ ಬಚ್ಚಲಲ್ಲಿ ಹರಿಯುವ ನೀರೇ ಹೇಳುತ್ತೆ ಎಷ್ಟು ಹೋಯಿತು ಅಂತ. ಅಭ್ಯಂಜನ ಬಿಡಿ ಅಂತ ನಾನು ಯಾರಿಗೂ ಹೇಳಲ್ಲ. ನಮ್ಮಮ್ಮ ಎಣ್ಣೆ ಒತ್ತುತ್ತಿದ್ದ ಕೈ ನನಗಿನ್ನೂ ನೆನಪಿದೆ. ಬಣ್ಣವನ್ನು ಹಬ್ಬಕ್ಕೆ ಹತ್ತು ದಿನ ಮುಂಚೆಯೇ ಹಚ್ಚಿಸಿಕೊಳ್ಳಿ ಅಂತೀನಿ. ಮೊದಲ ಮೂರು ದಿನ ತಲೆಗೆ ನೀರು ಬೇಡ. ಹಬ್ಬದ ದಿನ ನೀರು ಬೆಚ್ಚಗಿದ್ದರೆ ಸಾಕು, ಸೀಗೆಪುಡಿಯನ್ನು ನೆತ್ತಿಗೆ ಮಾತ್ರ ಹಾಕಿ, ಜಡೆಯುದ್ದಕ್ಕೂ ತಿಕ್ಕಬೇಡಿ, ಇಳಿದು ಬರುವ ನೀರೇ ತುದಿಗೆ ಸಾಕಾಗುತ್ತೆ.

ಮಿಕ್ಕ ದಿನಗಳಲ್ಲಿ ವಾರಕ್ಕೆ ಎರಡು ಸಲ, ಸಲ್ಫೇಟ್ ಇಲ್ಲದ ಶಾಂಪೂ, ತುದಿಗೆ ಕಂಡೀಷನರ್. ಹೊಟ್ಟಿನ ಶಾಂಪೂ ಬಣ್ಣ ಬೇಗ ಎಳೆಯುತ್ತೆ. ಹೊಸ ಬಡಾವಣೆಗಳ ಬೋರ್‌ವೆಲ್ ಗಡಸು ನೀರಿಗೆ ಕೂದಲು ಒರಟಾಗಿ ಬ್ರೌನ್ ಮಂಕಾಗುತ್ತೆ. ಹೇಮಾವತಿ ನೀರು ಬಂದ ದಿನ ಒಂದು ಬಕೆಟ್ ತಲೆಗೆ ಅಂತ ಎತ್ತಿಡಿ, ಕೊನೆಯ ಎರಡು ಚೊಂಬು ಅದರಲ್ಲೇ ತೊಳೆಯಿರಿ. ಕಣದಲ್ಲಿ, ತೋಟದಲ್ಲಿ ಕೆಲಸ ಮಾಡುವವರು ತಲೆಗೆ ವಸ್ತ್ರ ಕಟ್ಟಲೇಬೇಕು. ಮಳೆ ತೊಳೆದ ಆಕಾಶದ ಬಿಸಿಲಿಗೆ ಬ್ರೌನ್ ಕೆಂಪಿಗೆ ತಿರುಗುವುದು ಬಹಳ ಬೇಗ.

ಐದಾರು ವಾರಕ್ಕೆ ಬುಡ ಕಾಣುತ್ತೆ. ಆಗ ಬುಡಕ್ಕೆ ಮಾತ್ರ ಹಚ್ಚಬೇಕು. ಉದ್ದದ ಬಣ್ಣ ಮಂಕಾಗಿದ್ದರೆ ಕೊನೆಯ ಐದು ನಿಮಿಷ ಎಳೆದುಕೊಂಡರೆ ಸಾಕು. ಪ್ರತಿ ಸಲ ತುದಿವರೆಗೆ ಹಚ್ಚಿದರೆ ವರ್ಷದೊಳಗೆ ನಾಲ್ಕು ಮೂರಾಗಿ, ಮೂರು ಕಪ್ಪಾಗಿ, ಟೀಚರ್ ಜಡೆಯ ಕಥೆಯೇ ಮತ್ತೆ. ನನ್ನ ಹತ್ತಿರ ಕೆಲಸ ಕಲಿಯುವ ಹುಡುಗಿಗೆ ದಿನಾ ಇದನ್ನೇ ಹೇಳುತ್ತೇನೆ. ಅವಳಿಗೆ ಬ್ರಷ್ ಕೈಗೆ ಸಿಕ್ಕರೆ ತುದಿ ಮುಟ್ಟುವವರೆಗೆ ಸಮಾಧಾನವಿಲ್ಲ.

ಟೀಚರ್ ಈಗಲೂ ಬರುತ್ತಾರೆ. ಬ್ರೌನ್ ಭುಜದವರೆಗೂ ಇಳಿದಿಲ್ಲ, ಜಡೆ ಮಾತ್ರ ಒಂದು ಗೇಣು ಕಡಿಮೆಯಾಗಿದೆ. ಹೋದ ಸಲ ಬಂದಾಗ ಬ್ಯಾಗಿನಿಂದ ಒಂದು ಖಾಲಿ ಪ್ಯಾಕೆಟ್ ತೆಗೆದು ಕನ್ನಡಿ ಮುಂದೆ ಇಟ್ಟರು. ಅರಕಲಗೂಡಿನಲ್ಲಿರುವ ಅವರ ನಾದಿನಿ ಹಚ್ಚುವುದಂತೆ. "ಇದು ನಿನ್ನ ಡಬ್ಬೀಲಿ ಇಲ್ಲ ಅಲ್ವೇನಮ್ಮ?" ಅಂದರು. ಇರಲಿಲ್ಲ. ಹಿಂದೆ ತಿರುಗಿಸಿ, ಕನ್ನಡಕ ಹಾಕಿಕೊಂಡು, ಸಣ್ಣ ಅಕ್ಷರವನ್ನು ಅವರೇ ನನಗೆ ಓದಿ ಹೇಳಿದರು.