ಮೂರು ನಿಮಿಷದಲ್ಲಿ ಬೆಂಕಿ ರೋಗ

ಹೋದ ತಿಂಗಳು ನಮ್ಮಲ್ಲಿ ಪಿಎಚ್‌ಡಿ ವಿದ್ಯಾರ್ಥಿಗಳಿಗೆ ‘ತ್ರೀ ಮಿನಿಟ್ ಥೀಸಿಸ್’ ಸ್ಪರ್ಧೆ ಇತ್ತು. ನನ್ನ ಮಾತು ಮುಗಿಯುವಾಗ 3 ನಿಮಿಷ 6 ಸೆಕೆಂಡ್ ಆಗಿತ್ತು. 3 ನಿಮಿಷ ದಾಟಿದರೆ ಸ್ಪರ್ಧೆಯಿಂದ ಹೊರಗೆ. ಬೇಜಾರಾಯಿತು. ಆದರೆ ಅದಕ್ಕೆ ತಯಾರಾದ ಮೂರು ವಾರಗಳಲ್ಲಿ ನನಗೆ ಸಿಕ್ಕಿದ್ದು ತುಂಬಾ ಜಾಸ್ತಿ, ಅದನ್ನು ಹೇಳೋಣ ಅಂತ ಬರೆಯುತ್ತಿದ್ದೇನೆ.

ಗೊತ್ತಿಲ್ಲದವರಿಗೆ ನಿಯಮ ಹೇಳಿಬಿಡುತ್ತೇನೆ. ಒಂದೇ ಒಂದು ಸ್ಲೈಡ್, ಅದರಲ್ಲೂ ಏನೂ ಅಲುಗಾಡಬಾರದು. ವೀಡಿಯೊ ಇಲ್ಲ, ಕೈಯಲ್ಲಿ ಯಾವ ವಸ್ತುವನ್ನೂ ಹಿಡಿಯುವಂತಿಲ್ಲ, ಹಾಡು ಪದ್ಯ ಹೇಳುವಂತಿಲ್ಲ. ಕೇಳುವವರು ನಿಮ್ಮ ವಿಷಯ ಓದಿದವರಲ್ಲ. 80,000 ಪದಗಳ ಪ್ರಬಂಧವನ್ನು ಪೂರ್ತಿ ಓದಿ ಹೇಳಲು 9 ಗಂಟೆ ಬೇಕಂತೆ, ಅದನ್ನು 3 ನಿಮಿಷಕ್ಕೆ ಇಳಿಸಬೇಕು. ಇದು ಶುರುವಾಗಿದ್ದು 2008ರಲ್ಲಿ, ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯದಲ್ಲಿ. ಆಗ ಅಲ್ಲಿ ಬರಗಾಲ. ನೀರು ಉಳಿಸಲು ಜನ ಬಚ್ಚಲ ಗೋಡೆಗೆ 3 ನಿಮಿಷದ ಟೈಮರ್ ಅಂಟಿಸಿಕೊಂಡು ಅಷ್ಟರಲ್ಲೇ ಸ್ನಾನ ಮುಗಿಸುತ್ತಿದ್ದರಂತೆ. ಅದರಿಂದಲೇ ಅಲ್ಲಿನ ಡೀನ್ ಅಲನ್ ಲಾಸನ್ ಅವರಿಗೆ ಈ ಯೋಚನೆ ಹೊಳೆದದ್ದು. 2024ರ ಬೇಸಿಗೆಯಲ್ಲಿ ಬೋರ್‌ವೆಲ್ ಬತ್ತಿ, ಟ್ಯಾಂಕರ್‌ಗೆ ಕಾದು, ಅರ್ಧ ಬಕೆಟ್‌ನಲ್ಲಿ ಸ್ನಾನ ಮಾಡಿದ ಬೆಂಗಳೂರಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ, ಅಲ್ವಾ?

ನನ್ನ ವಿಷಯ ರಾಗಿಗೆ ಬರುವ ಬ್ಲಾಸ್ಟ್ ರೋಗ. ಒಂದು ಶಿಲೀಂಧ್ರದಿಂದ ಬರುವಂಥದ್ದು. ಮೊದಲ ಸಲ ಬರೆದದ್ದನ್ನು ಇಂಗ್ಲಿಷಿನಲ್ಲೇ ಓದಿ ಓದಿ ಬಾಯಿಪಾಠ ಮಾಡುತ್ತಿದ್ದೆ. ಯಲಹಂಕದ ನಮ್ಮ ಮನೆಯ ಅಡುಗೆಮನೆಯಲ್ಲಿ ಅಮ್ಮ ಅವರೆಕಾಳು ಹಿಸುಕುತ್ತಾ ಕೂತಿದ್ದಳು. “ಕನ್ನಡದಲ್ಲಿ ಹೇಳೇ, ನಾನೂ ಕೇಳ್ತೀನಿ” ಅಂದಳು. ಸುಮ್ನೆ ಶುರು ಮಾಡಿದೆ. ಎರಡನೇ ವಾಕ್ಯಕ್ಕೇ ತಡೆದಳು. “ಬ್ಲಾಸ್ಟ್ ಅಂದ್ರೆ ಬೆಂಕಿ ರೋಗ ತಾನೇ? ನಮ್ಮ ಹೊಲಕ್ಕೆ ಬಂದಿತ್ತಲ್ಲ, ತೆನೆ ಕೆಳಗೆ ಕತ್ತು ಕಪ್ಪಾಗಿ, ಕಾಳೆಲ್ಲ ಜೊಳ್ಳಾಗಿ ಹೋಗಿತ್ತು.” ಅಮ್ಮ ಮಾಗಡಿ ಕಡೆಯವಳು. ನಾಲ್ಕು ವರ್ಷದಿಂದ ನಾನು ಲ್ಯಾಬಿನಲ್ಲಿ ನೋಡುತ್ತಿರುವುದನ್ನು ಅವಳು ಹತ್ತನೇ ವಯಸ್ಸಿನಲ್ಲೇ ಹೊಲದಲ್ಲಿ ನೋಡಿದ್ದಳು.

ಆಮೇಲೆ ಅಪ್ರೆಸೋರಿಯಂ ಅಂದೆ. “ಅದೇನದು?” ಎಲೆಯ ಮೇಲೆ ಶಿಲೀಂಧ್ರದ ಬೀಜಕಣ ಬೀಳುತ್ತದೆ, ಇಬ್ಬನಿಯ ತೇವದಲ್ಲಿ ಮೊಳೆಯುತ್ತದೆ, ಮೊಳಕೆಯ ತುದಿ ಗುಮ್ಮಟದ ಹಾಗೆ ಉಬ್ಬುತ್ತದೆ, ಉಬ್ಬಿದ್ದರ ಒಳಗೆ ಒತ್ತಡ ಹೆಚ್ಚಾಗಿ ಅಡಿಯಿಂದ ಒಂದು ಮೊಳೆ ಎಲೆಯೊಳಗೆ ನುಗ್ಗುತ್ತದೆ ಅಂತ ಹೇಳಿದೆ. ಒತ್ತಡ ಎಲ್ಲಿಂದ ಬಂತು ಅಂತ ಕೇಳಿದಳು. ಒಳಗೆ ಗ್ಲಿಸರಾಲ್ ಕೂಡಿಡುತ್ತೆ ಅಮ್ಮಾ, ಅದು ಹೊರಗಿನ ನೀರನ್ನು ಎಳೆದುಕೊಳ್ಳುತ್ತೆ ಅಂದೆ. “ಒಣದ್ರಾಕ್ಷಿ ನೆನೆಹಾಕಿದ್ರೆ ಉಬ್ಬುತ್ತಲ್ಲ, ಹಾಗೆ ಅನ್ನು.” ನಿಜಕ್ಕೂ ಹಾಗೆಯೇ! ದ್ರಾಕ್ಷಿಯ ಒಳಗಿನ ಸಕ್ಕರೆಯೂ ಹೊರಗಿನ ನೀರನ್ನು ಎಳೆಯುತ್ತದೆ. ಭತ್ತಕ್ಕೆ ಬರುವ ಬೆಂಕಿ ರೋಗದ ಶಿಲೀಂಧ್ರದಲ್ಲಿ ಈ ಒತ್ತಡವನ್ನು ಅಳೆದಿದ್ದಾರೆ, ಕಾರಿನ ಟೈರಿನ ಒತ್ತಡಕ್ಕಿಂತ ಸುಮಾರು 40 ಪಟ್ಟು. ಕಣ್ಣಿಗೆ ಕಾಣದಷ್ಟು ಸಣ್ಣ ಗುಮ್ಮಟದಲ್ಲಿ!

ನನಗೆ ದೊಡ್ಡ ಉಪಕಾರ ಮಾಡಿದ್ದು ಮಾತ್ರ ಆ ಕನ್ನಡದ ಹೆಸರೇ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣದಿಂದ ಬಂದ ಜಿಪಿಯು-28ರಂಥ ರಾಗಿ ತಳಿಗಳು ಈ ರೋಗವನ್ನು ಚೆನ್ನಾಗಿ ತಡೆಯುತ್ತವೆ. ತಡೆಯುವ ಗಿಡಗಳು ಹೇಗೆ ತಡೆಯುತ್ತವೆ ಅನ್ನುವುದೇ ನನ್ನ ಕೆಲಸ. ಗಿಡಗಳಲ್ಲಿ ಸಾಮಾನ್ಯವಾಗಿ ಕಾಣುವ ಒಂದು ದಾರಿ ಇದೆ: ಶಿಲೀಂಧ್ರ ನುಗ್ಗಿದ ಜಾಗದ ಸುತ್ತಲಿನ ತನ್ನದೇ ಕೆಲವು ಜೀವಕೋಶಗಳನ್ನು ಗಿಡ ತಾನೇ ಸಾಯಿಸಿಬಿಡುತ್ತದೆ. ಇದನ್ನು ಹೇಗೆ ಹೇಳುವುದು ಅಂತ ಎಷ್ಟು ದಿನ ಒದ್ದಾಡಿದ್ದೆ. ಬೆಂಕಿ ರೋಗ ಅಂದ ಮೇಲೆ ದಾರಿ ಕಂಡಿತು. ಬಂಡೀಪುರದಲ್ಲಿ ಬೇಸಿಗೆಗೆ ಮೊದಲೇ ಒಂದಷ್ಟು ಜಾಗದ ಹುಲ್ಲು ಸುಟ್ಟು ಬೆಂಕಿ ರೇಖೆ ಮಾಡುತ್ತಾರಲ್ಲ, ಕಾಡ್ಗಿಚ್ಚು ಬಂದರೆ ಅಲ್ಲಿಗೇ ನಿಲ್ಲಲಿ ಅಂತ? ರಾಗಿ ಗಿಡವೂ ತನ್ನ ಎಲೆಯೊಳಗೆ ಬೆಂಕಿ ರೇಖೆ ಎಳೆದುಕೊಳ್ಳುತ್ತದೆ. ಕಾಡಿನಲ್ಲಿ ಮುಂಚೆಯೇ ಸುಡುತ್ತಾರೆ, ಗಿಡ ಬೆಂಕಿ ಬಿದ್ದ ಮೇಲೆ ಸುಡುತ್ತದೆ, ಅಷ್ಟೇ ವ್ಯತ್ಯಾಸ. ಇಂಗ್ಲಿಷಿನಲ್ಲೇ ಯೋಚಿಸುತ್ತಿದ್ದರೆ ಈ ಹೋಲಿಕೆ ನನಗೆ ಹೊಳೆಯುತ್ತಲೇ ಇರಲಿಲ್ಲ.

ಕನ್ನಡದಲ್ಲಿ ಅಭ್ಯಾಸ ಮಾಡುವವರಿಗೆ ಒಂದು ಮಾತು. ಇಂಗ್ಲಿಷಿನಲ್ಲಿ 3 ನಿಮಿಷಕ್ಕೆ ಸುಮಾರು 400 ಪದ ಅಂತ ಲೆಕ್ಕ ಹಾಕಿಕೊಂಡು ಕನ್ನಡದಲ್ಲೂ ಅಷ್ಟೇ ಬರೆಯಬೇಡಿ. ನಮ್ಮ ಪದಗಳು ಉದ್ದ. ನನಗೆ 280 ದಾಟಿದರೆ ಉಸಿರು ಬಿಡಲು ಜಾಗ ಇರುತ್ತಿರಲಿಲ್ಲ.

ಸ್ಪರ್ಧೆಯ ದಿನ ಇಂಗ್ಲಿಷಿನಲ್ಲೇ ಮಾತಾಡಬೇಕಿತ್ತು. ಅಮ್ಮ ಹಿಂದಿನ ಸಾಲಿನಲ್ಲಿ ಕೂತಿದ್ದಳು. ಅವಳೇ ಕೊಟ್ಟ ಒಣದ್ರಾಕ್ಷಿಯ ಮಾತು ಬಂದಾಗ ಅವಳಿಗೆ ಅದು ತಿಳಿಯಲಿಲ್ಲ. 6 ಸೆಕೆಂಡಿಗಿಂತ ನನಗೆ ಜಾಸ್ತಿ ನೋವಾಗಿದ್ದು ಅದಕ್ಕೆ. ಇಂಥ ಸ್ಪರ್ಧೆ ನಡೆಸುವವರನ್ನು ನಾನು ಕೈಮುಗಿದು ಕೇಳುತ್ತೇನೆ, ಕನ್ನಡದಲ್ಲೂ ಒಂದು ಸುತ್ತು ಇಡಿ. ಪ್ರತಿ ವರ್ಷ ಜಿಕೆವಿಕೆ ಕೃಷಿ ಮೇಳಕ್ಕೆ ಎಲ್ಲೆಲ್ಲಿಂದಲೋ ರೈತರು ಬರುತ್ತಾರೆ, ಅಲ್ಲೊಂದು ಸಣ್ಣ ವೇದಿಕೆ, ಒಂದು ಮೈಕು, ಒಬ್ಬೊಬ್ಬರಿಗೆ 3 ನಿಮಿಷ ಕೊಟ್ಟರೂ ಸಾಕು.

ಸ್ಪರ್ಧೆಯಲ್ಲಿ ಕೇಳಿದವರು ಪ್ರಶ್ನೆ ಕೇಳುವಂತಿರಲಿಲ್ಲ. ಹೋದ ಭಾನುವಾರ ಮಾಗಡಿಯ ಊರಿಗೆ ಹೋದಾಗ ಜಗಲಿಯ ಮೇಲೆ ಮಾವನಿಗೆ ಕನ್ನಡದಲ್ಲೇ ಪೂರ್ತಿ ಹೇಳಿದೆ. ಪೂರ್ತಿ ಕೇಳಿಸಿಕೊಂಡು ಮಾವ ಕೇಳಿದರು: “ಅದ್ಸರಿ ಕಣವ್ವ, ಒಂದೇ ಗಿಡ, ಎಲೆಗೆ ಬಿದ್ದ ಬೆಂಕಿ ತಡೆಯುತ್ತೆ, ಕತ್ತಿಗೆ ಬಿದ್ದಿದ್ದು ತಡೆಯಲ್ಲ ಅಂದ್ರೆ ಯಾಕೆ?” ಸೋಮವಾರ ಬೆಳಿಗ್ಗೆ ಲ್ಯಾಬಿಗೆ ಹೋದವಳೇ ಆ ಪ್ರಶ್ನೆಯನ್ನು ನನ್ನ ನೋಟ್‌ಬುಕ್ಕಿನ ಹೊಸ ಪುಟದಲ್ಲಿ ಮಾವನ ಮಾತಿನಲ್ಲೇ ಬರೆದುಕೊಂಡೆ.