ಬಿನ್‌ಪಗಾರಿ (ಪಗಾರವಿಲ್ಲದ) ರಜೆಯಲ್ಲಿ ವಿಮೆಯ ಕಂತು ಯಾರು ಕಟ್ಟುತ್ತಾರೆ?

ಪುಣೆಯ ಚಾಕಣ, ಭೋಸರಿ ಕಡೆ ದುಡಿಯುವ ನಮ್ಮ ವಿಜಯಪುರ, ಕಲಬುರಗಿ ಮಂದಿ ರಜೆಗೆ ಮುಂಚೆ ಪಗಾರದ ವಿಭಾಗಕ್ಕೆ ಬಂದು ಕೇಳುವುದು ಒಂದೇ: ಎಷ್ಟು ದಿನ ಸಿಗುತ್ತದೆ? ವಿಮೆಯ ಮಾತು ಯಾರೂ ತೆಗೆಯುವುದಿಲ್ಲ.

ಮೊದಲೆರಡು ಹೆರಿಗೆಗೆ 26 ವಾರ ಪಗಾರಿ ರಜೆ ಇದೆ. ಪಗಾರ ಬರುವ ತನಕ ವಿಮೆಯ ಕಡಿತವೂ ನಡೆಯುತ್ತದೆ, ತೊಂದರೆಯಿಲ್ಲ. ತವರಿನಲ್ಲೇ ಇನ್ನೂ ನಾಲ್ಕು ತಿಂಗಳು ಇರುತ್ತೇನೆಂದು ಬಿನ್‌ಪಗಾರಿ ರಜೆ ಬರೆದುಕೊಟ್ಟಾಗ ಗಂಟು ಬೀಳುತ್ತದೆ. ಅಪ್ಪನ ಆಪರೇಷನ್‌ಗೆಂದು ಊರಿಗೆ ಹೋಗಿ ರಜೆ ಮುಗಿಸಿಕೊಂಡವರದೂ ಇದೇ ಪಾಡು.

ಗ್ರೂಪ್ ಮೆಡಿಕ್ಲೇಮ್‌ನಲ್ಲಿ, ಅಂದರೆ ಕಂಪನಿ ತನ್ನ ನೌಕರರಿಗೆಲ್ಲ ಒಟ್ಟಾಗಿ ಮಾಡಿಸುವ ಆರೋಗ್ಯ ವಿಮೆಯಲ್ಲಿ, ತಂದೆ-ತಾಯಿಯ ಪ್ರೀಮಿಯಂ ಸಾಮಾನ್ಯವಾಗಿ ನೌಕರರ ಪಗಾರದಿಂದಲೇ ಹೋಗುತ್ತದೆ. ವರ್ಷಕ್ಕೆ 24,000 ರೂಪಾಯಿ ಎಂದಿಟ್ಟುಕೊಳ್ಳಿ, ತಿಂಗಳಿಗೆ 2,000. ಪೇ ಸ್ಲಿಪ್‌ನಲ್ಲಿ ಪಗಾರವೇ ಸೊನ್ನೆಯಾದರೆ ಕಡಿಯುವುದು ಎಲ್ಲಿಂದ? ಕೆಲವು ಕಂಪನಿಗಳು ಬಾಕಿ ಬರೆದಿಟ್ಟು, ವಾಪಸ್ ಬಂದ ತಿಂಗಳು 8,000 ಬಾಕಿ, ಆ ತಿಂಗಳ 2,000 ಸೇರಿಸಿ ಒಮ್ಮೆಗೇ ಹಿಡಿಯುತ್ತವೆ. ಇನ್ನು ಕೆಲವು, ವಿಮಾ ಕಂಪನಿಗೆ ಕಳಿಸುವ ಪಟ್ಟಿಯಿಂದ ಅಪ್ಪ-ಅಮ್ಮನ ಹೆಸರನ್ನೇ ತೆಗೆಯುತ್ತವೆ. ಇದು ಕೆಟ್ಟದ್ದು. ನಡುವರ್ಷದಲ್ಲಿ ಮತ್ತೆ ಸೇರಿಸಲು ಬಹುತೇಕ ಪಾಲಿಸಿಗಳು ಬಿಡುವುದಿಲ್ಲ, ಗೊತ್ತಾಗುವುದೂ ಆಸ್ಪತ್ರೆಯ ಕ್ಯಾಶ್‌ಲೆಸ್ ಕೌಂಟರ್ ಮುಂದೆ ನಿಂತಾಗಲೇ.

ಆದ್ದರಿಂದ ರಜೆಯ ಅರ್ಜಿಯ ಜೊತೆಗೇ ಎಚ್‌ಆರ್‌ಗೆ ಮೇಲ್ ಹಾಕಿ: ಪಗಾರವಿಲ್ಲದ ತಿಂಗಳಲ್ಲಿ ನನ್ನ ಪಾಲು ಹೇಗೆ ಕಟ್ಟಲಿ, ಪಟ್ಟಿಯಲ್ಲಿ ಎಲ್ಲರ ಹೆಸರೂ ಉಳಿಯುತ್ತದೆಯೇ? ಬಾಯಿಮಾತಿನ ಉತ್ತರ ಬೇಡ. ಸಾಧ್ಯವಾದರೆ ಆ 8,000 ಮುಂಗಡವಾಗಿ ಬ್ಯಾಂಕಿನಿಂದಲೇ ಹಾಕಿ ರಸೀದಿ ಇಟ್ಟುಕೊಳ್ಳಿ. ನಗದು ಕೊಟ್ಟರೆ ಹಳೆಯ ತೆರಿಗೆ ಪದ್ಧತಿಯಲ್ಲಿ ಆರೋಗ್ಯ ವಿಮೆಯ ಕಂತಿಗಿರುವ ವಿನಾಯಿತಿ ಸಿಗದು.

ಕೂಸಿನ ಹೆಸರು ತಾನಾಗಿ ಸೇರುವುದಿಲ್ಲ. ಅನೇಕ ಪಾಲಿಸಿಗಳಲ್ಲಿ ಹುಟ್ಟಿದ 30 ದಿನದೊಳಗೆ ತಿಳಿಸಬೇಕು. ತೊಟ್ಟಿಲಿಗೆ ಹಾಕುವ ತನಕ ಕಾಯದೆ, ತಾಯಿಯ ಹೆಸರು ಹಚ್ಚಿ ‘ಬೇಬಿ ಆಫ್’ ಎಂದೇ ಕಳಿಸಿ.

ತಿಂಗಳ ಪಗಾರ 21,000 ರೂಪಾಯಿಯೊಳಗಿದ್ದು ಇಎಸ್‌ಐ (ಸರಕಾರದ ಕಾರ್ಮಿಕ ವಿಮೆ) ಇರುವವರ ಲೆಕ್ಕ ಬೇರೆ. ನೌಕರರಿಂದ ಶೇ 0.75, ಕಂಪನಿಯಿಂದ ಶೇ 3.25. ಪಗಾರವಿಲ್ಲದ ದಿನಕ್ಕೆ ವಂತಿಗೆಯೂ ಇಲ್ಲ, ಬಾಕಿಯೂ ಇಲ್ಲ. ಆದರೆ ದಿನಗಳ ಲೆಕ್ಕ ಬಿಗಿ: ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ ಕನಿಷ್ಠ 78 ದಿನದ ವಂತಿಗೆ ಬಿದ್ದಿದ್ದರೆ ಮುಂದಿನ ಜನವರಿಯಿಂದ ಜೂನ್‌ವರೆಗೆ ಕಾಯಿಲೆ ಭತ್ಯೆಯ ಹಕ್ಕು ಉಳಿಯುತ್ತದೆ. ಅಕ್ಟೋಬರ್‌ನಿಂದ ಮಾರ್ಚ್‌ವರೆಗಿನ ವಂತಿಗೆ ಜುಲೈನಿಂದ ಡಿಸೆಂಬರ್‌ಗೆ. ಸೆಪ್ಟೆಂಬರ್‌ಗೆ ಮುಂಚೆ ಬಿನ್‌ಪಗಾರಿ ಹೋಗುವವರು ಪೇ ಸ್ಲಿಪ್ ಹರವಿಕೊಂಡು ದಿನ ಎಣಿಸಿ. 70 ಇದ್ದರೆ ಇನ್ನೆಂಟು ದಿನ ಹಾಜರಿ ಹಾಕಿಯೇ ಊರಿಗೆ ಹೊರಡಿ.